ಪರಿಸರ ಪದವಿಯಲ್ಲಿ ಮಣ್ಣು ನೀರಿನಷ್ಟೇ ಮನುಷ್ಯರ ಅಧ್ಯಯನವೂ ಇರಲಿ

ಮಾನ್ಯ ಸಂಪಾದಕರೇ,

ಪ್ಲಸ್ ಟು ಫಲಿತಾಂಶದ ಬೆನ್ನಿಗೇ ತಮ್ಮ ಶಿಕ್ಷಣ ಪುರವಣಿಯಲ್ಲಿ ಪ್ರಕಟವಾದ, ಸುಸ್ಥಿರ ಅಭಿವೃದ್ಧಿ ಕ್ಷೇತ್ರದ ಉದ್ಯೋಗಾವಕಾಶಗಳ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಇಂಥದೊಂದು ದಾರಿಯಿದೆ ಎಂದು ತಿಳಿಸಿದ್ದಕ್ಕೆ ವಂದನೆಗಳು. ಆದರೆ ಆ ಲೇಖನದಲ್ಲಿ ಪ್ರಯೋಗಾಲಯ, ಇಂಗಾಲದ ಲೆಕ್ಕಾಚಾರ, ಸೌರಶಕ್ತಿ ಇತ್ಯಾದಿಗಳ ಬಗ್ಗೆ ಹೇಳಿದಷ್ಟು ವಿಸ್ತಾರವಾಗಿ, ಪರಿಸರವನ್ನು ಬಳಸುವ, ಕಾಯುವ, ಕೆಟ್ಟಾಗ ಅದರ ಫಲ ಉಣ್ಣುವ ಜನರ ಬಗ್ಗೆ ಹೇಳಿರಲಿಲ್ಲ. ಈ ಜಿಲ್ಲೆಯ ಶಾಲೆಗಳಲ್ಲಿ ಬಹುಕಾಲ ಭೂಗೋಳ ಪಾಠ ಮಾಡಿದವಳಾಗಿ, ಇಂದಿಗೂ ಪ್ರವೇಶದ ದಿನಗಳಲ್ಲಿ "ಟೀಚರೇ, ಮಗಳನ್ನು ಯಾವುದಕ್ಕೆ ಸೇರಿಸುವುದು?" ಎಂದು ಕೇಳಿಕೊಂಡು ಬರುವ ಹೆತ್ತವರಿಗೆ ಉತ್ತರಿಸುತ್ತಿರುವವಳಾಗಿ, ಬಿಟ್ಟುಹೋದ ಆ ಅರ್ಧದ ಬಗ್ಗೆ ಬರೆಯಬೇಕೆನಿಸಿತು. ಪರಿಸರ ಮತ್ತು ಸಮಾಜವನ್ನು ಒಟ್ಟಾಗಿ ಕಲಿಸುವ ಪದವಿಯನ್ನೇ ನಮ್ಮ ಮಕ್ಕಳು ಹುಡುಕಬೇಕು, ಅಂಥ ಪದವಿಯನ್ನು ನಮ್ಮ ಜಿಲ್ಲೆಯಲ್ಲೇ ರೂಪಿಸಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾಸರಗೋಡಿಗಿಂತ ತಕ್ಕ ನೆಲ ಬೇರೆಲ್ಲೂ ಇಲ್ಲವೆಂದು ನಾನು ನಂಬಿದ್ದೇನೆ.

ಏಕೆಂದರೆ, ಈ ಎರಡನ್ನು ಬೇರ್ಪಡಿಸಿ ನೋಡಿದರೆ ಏನಾಗುತ್ತದೆ ಎಂಬುದನ್ನು ನಮ್ಮಷ್ಟು ಕಠಿಣವಾಗಿ ಕಲಿತ ಜಿಲ್ಲೆಗಳು ದೇಶದಲ್ಲಿ ಹೆಚ್ಚಿಲ್ಲ. ಗೇರು ಮರವನ್ನು ಬಾಧಿಸುವ ಟೀ ಸೊಳ್ಳೆ ಎಂಬ ತಿಗಣೆಯ ಹತೋಟಿಗೆಂದು 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಇಲ್ಲಿನ ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ತೋಟಗಳಿದ್ದದ್ದು ಗುಡ್ಡದ ಮೇಲೆ, ಮನೆಗಳಿದ್ದದ್ದು ಗುಡ್ಡದ ಬುಡದಲ್ಲಿ. ಸಿಂಪಡಣೆಯ ಸಮಯದಲ್ಲಿ ನೀರಿನ ಮೂಲಗಳನ್ನು ಮುಚ್ಚಿಡಬೇಕೆಂಬ ನಿಯಮ ಕಾಗದದಲ್ಲಿತ್ತು. ಬಾವಿಗೆ ಹೇಗಾದರೂ ಮಡಲು ಹೊದಿಸಬಹುದು, ಆದರೆ ಹರಿಯುವ ತೋಡಿಗೆ, ನೀರಿಗೆಂದು ಗುಡ್ಡದೊಳಗೆ ಕೊರೆದ, ಮೇಲೆ ಬಿದ್ದ ಮಳೆಯನ್ನೇ ಹೀರಿ ತೊಟ್ಟಿಕ್ಕುವ ಸುರಂಗಕ್ಕೆ ಮುಚ್ಚಳ ಎಲ್ಲಿಂದ ತರುವುದು? ಈ ಪ್ರಶ್ನೆಯನ್ನು ಕೇಳಲು ವಿಷಶಾಸ್ತ್ರದ ಡಾಕ್ಟರೇಟ್ ಬೇಕಿರಲಿಲ್ಲ. ಊರಿನ ಜನ ನೀರನ್ನು ಎಲ್ಲಿಂದ, ಹೇಗೆ ತರುತ್ತಾರೆ ಎಂದು ಒಮ್ಮೆ ನಡೆದು ನೋಡಿದ್ದರೆ ಸಾಕಿತ್ತು. ನಿರ್ಧಾರ ಕೈಗೊಂಡವರಲ್ಲಿ ಕೀಟದ ಬಗ್ಗೆ, ಇಳುವರಿಯ ಬಗ್ಗೆ ತಿಳಿದವರಿದ್ದರು. ಕಣಿವೆಯ ಬದುಕನ್ನು ತಿಳಿದವರು ಅವರ ನಡುವೆ ಇರಲಿಲ್ಲ.

ಇದರಿಂದ ಜನರ ಆರೋಗ್ಯಕ್ಕಾದ ಅನಾಹುತವನ್ನು ಮೊದಲು ಗುರುತಿಸಿದ್ದೂ ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳ ಮನೆಗಳು ಎಲ್ಲಿವೆ, ಅವರು ಯಾವ ನೀರು ಕುಡಿಯುತ್ತಾರೆ ಎಂದು ಗಮನಿಸಿದರು. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆಯವರು ಇದರ ಬಗ್ಗೆ ಬರೆದರು. ಪೆರಿಯದ ಕಡೆ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಸ್ಟಾಕ್‌ಹೋಂ ಒಪ್ಪಂದದ ರಾಷ್ಟ್ರಗಳು 2011ರ ಏಪ್ರಿಲ್‌ನಲ್ಲಿ ಎಂಡೋಸಲ್ಫಾನನ್ನು ನಿರ್ಮೂಲನ ಮಾಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಮರುತಿಂಗಳೇ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆ ನೀಡಿತು. ಅಲ್ಲಿಗೆ ರಸಾಯನಶಾಸ್ತ್ರದ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಆದರೆ ಸಮಸ್ಯೆ ಮುಗಿಯಲಿಲ್ಲ. ಸಂತ್ರಸ್ತರೆಂದರೆ ಯಾರು, ಆ ಪಟ್ಟಿಯನ್ನು ಯಾರು, ಯಾವ ಮಾನದಂಡದಿಂದ ತಯಾರಿಸಬೇಕು, ವೈದ್ಯಕೀಯ ಶಿಬಿರಕ್ಕೆ ಬರಲಾಗದ ಮನೆಯವರು ಪಟ್ಟಿಯಿಂದ ಹೊರಗುಳಿದರೆ ಅವರ ಗತಿಯೇನು, ಹಾಸಿಗೆ ಹಿಡಿದ ಮಗುವನ್ನು ಹಗಲಿರುಳು ನೋಡಿಕೊಳ್ಳಬೇಕಾದ ತಾಯಿ ಕೂಲಿಗೆ ಹೋಗಲಾರದಿದ್ದರೆ ಆ ನಷ್ಟವನ್ನು ಯಾವ ಲೆಕ್ಕಕ್ಕೆ ಸೇರಿಸುವುದು, ಆಕೆಯ ಕಾಲಾನಂತರ ಆ ಮಗುವಿಗೆ ಯಾರು ಎಂಬ ಪ್ರಶ್ನೆಗಳು ಉಳಿದವು. ಪ್ರತಿ ಸಂತ್ರಸ್ತರಿಗೂ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿ, ಅದಕ್ಕೆ ಮೂರು ತಿಂಗಳ ಗಡುವು ನೀಡಿತ್ತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ವಿಳಂಬಕ್ಕಾಗಿ ರಾಜ್ಯ ಸರಕಾರವನ್ನು ಅದೇ ನ್ಯಾಯಾಲಯ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಸಮೀಕ್ಷೆ, ಆರೋಗ್ಯ ನೀತಿ, ಪರಿಹಾರದ ಅರ್ಥಶಾಸ್ತ್ರ, ಆಡಳಿತ, ಕಾನೂನು, ಇವನ್ನೆಲ್ಲ ಮಣ್ಣು ಮತ್ತು ನೀರಿನ ವಿಜ್ಞಾನದ ಜೊತೆಗೇ ಕಲಿತ ಹತ್ತಿಪ್ಪತ್ತು ಮಂದಿ ಸ್ಥಳೀಯ ಪದವೀಧರರು ಈ ಪಂಚಾಯತ್‌ಗಳಲ್ಲಿ ಆಗ ಕೆಲಸದಲ್ಲಿದ್ದಿದ್ದರೆ ಎಷ್ಟೋ ಮನೆಗಳ ಅಲೆದಾಟ ತಪ್ಪುತ್ತಿತ್ತು ಎಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ನೀರಿನ ವಿಷಯಕ್ಕೆ ಬರುತ್ತೇನೆ. ಕೇರಳದ ಅತ್ಯಂತ ಚಿಕ್ಕ ನದಿಯಾದ 16 ಕಿಲೋಮೀಟರಿನ ಮಂಜೇಶ್ವರ ಹೊಳೆಯಿಂದ ಹಿಡಿದು, ಪಯಸ್ವಿನಿಯೆಂದೂ ಕರೆಯುವ ಚಂದ್ರಗಿರಿಯವರೆಗೆ ಹಲವು ಹೊಳೆಗಳು ಹರಿಯುವ, ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಆದರೂ ಮಾರ್ಚ್ ಬಂತೆಂದರೆ ಟ್ಯಾಂಕರಿನ ಹಾದಿ ಕಾಯುವ ಊರುಗಳಿವೆ. ಭೂವಿಜ್ಞಾನದ ವಿವರಣೆ ಸರಳವಾಗಿದೆ: ಮುರಕಲ್ಲಿನ ಇಳಿಜಾರು ಗುಡ್ಡಗಳು ಬಿದ್ದ ಮಳೆಯನ್ನು ಬಹುಕಾಲ ಹಿಡಿದಿಡುವುದಿಲ್ಲ, ನೀರು ಬೇಗ ಸಮುದ್ರ ಸೇರುತ್ತದೆ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರಗಳಲ್ಲಿ ಒಂದು ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಎತ್ತರ ಅಗಲಕ್ಕೆ ಕೊರೆಯುತ್ತಾ ಹೋಗಿ, ಒಳಗೆ ಮೋಂಬತ್ತಿಯ ಉರಿ ಕುಗ್ಗಿದರೆ ಗಾಳಿ ಸಾಲದೆಂದು ತಿಳಿದು, ನೀರಿನ ಒಸರು ಸಿಕ್ಕಿದಲ್ಲಿ ನಿಲ್ಲಿಸಿ, ಆ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಅಂಗಳದ ಟಾಂಕಿಗೆ ಇಳಿಸುವ ಈ ವ್ಯವಸ್ಥೆಗೆ ಕರೆಂಟು ಬೇಡ, ಪಂಪು ಬೇಡ. ಇನ್ನೊಂದು ಉತ್ತರ ಕಟ್ಟ. ಏತಡ್ಕದ ಕಡೆಯ ಕೃಷಿಕರು ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಒಟ್ಟಾಗಿ ಕಟ್ಟುವ ಈ ತಾತ್ಕಾಲಿಕ ಒಡ್ಡುಗಳು ಅಡಿಕೆ ತೋಟಕ್ಕೆ ನೀರುಣಿಸುವುದಲ್ಲದೆ ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನೂ ಏರಿಸುತ್ತವೆ.

ಕಟ್ಟ ನಿಲ್ಲುವುದು ಕಲ್ಲು ಮಣ್ಣುಗಳ ಬಲದಿಂದ ಮಾತ್ರವಲ್ಲ. ಯಾರು ಎಷ್ಟು ಆಳು ಕಳಿಸಬೇಕು, ಖರ್ಚು ಹೇಗೆ ಹಂಚಿಕೊಳ್ಳಬೇಕು, ಕೆಳಗಿನ ತೋಟದವರಿಗೆ ನೀರು ಯಾವಾಗ ಬಿಡಬೇಕು ಎಂಬ ಮಾತುಕತೆಯಿಂದ ಅದು ನಿಲ್ಲುತ್ತದೆ. ಒಬ್ಬೊಬ್ಬರಾಗಿ ಕೊಳವೆ ಬಾವಿ ಕೊರೆಸಿದಾಗ ಮೊದಲು ಸೊರಗುವುದು ಈ ಮಾತುಕತೆ. ನೀರು ಬತ್ತುವುದು ಅದರ ನಂತರ. ಎಲ್ಲರಿಗೂ ಸೇರಿದ ಸಂಪನ್ಮೂಲ ಹಾಳಾಗಿಯೇ ತೀರುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ಹಾಗೇನಿಲ್ಲ, ಬಳಕೆದಾರರು ತಾವೇ ನಿಯಮ ಮಾಡಿಕೊಂಡು ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದ ಕಾಡು, ಮೀನುಗಾರಿಕೆ, ನೀರಾವರಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ ಎಂದು ಎಲಿನಾರ್ ಆಸ್ಟ್ರಂ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಪರಿಸರ ಮತ್ತು ಸಮಾಜದ ಯಾವುದೇ ಒಳ್ಳೆಯ ಪಠ್ಯಕ್ರಮದಲ್ಲಿ ಈ ಚರ್ಚೆ ಮೊದಲ ವರ್ಷವೇ ಬರುತ್ತದೆ. ಅದನ್ನು ಸ್ವಿಟ್ಜರ್ಲೆಂಡಿನ ಹುಲ್ಲುಗಾವಲಿನ ಉದಾಹರಣೆಯಿಂದ ಕಲಿಯುವ ವಿದ್ಯಾರ್ಥಿನಿಗೆ, ತನ್ನ ಅಜ್ಜ ಪ್ರತಿವರ್ಷ ಕಟ್ಟದ ಕೆಲಸಕ್ಕೆ ಹೋಗುತ್ತಿದ್ದದ್ದೂ ಇದೇ ಪಾಠ ಎಂದು ಹೇಳಿಕೊಡುವ ಅಧ್ಯಾಪಕರು ಬೇಕು.

ಕೆಲವು ವರ್ಷಗಳ ಹಿಂದೆ ನಾನು ಹಾಜರಿದ್ದ ಪರಿಸರ ಸಾರ್ವಜನಿಕ ಅಹವಾಲು ಸಭೆಯೊಂದರ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಯೋಜನೆ ಯಾವುದು, ಯಾರದು ಎಂಬುದು ಮುಖ್ಯವಲ್ಲ. ವರದಿ ಇಂಗ್ಲಿಷಿನಲ್ಲಿ ದಪ್ಪನಾಗಿತ್ತು, ಸಾರಾಂಶ ತೆಳ್ಳಗಿತ್ತು. ಪರದೆಯ ಮೇಲೆ ಸುತ್ತಲಿನ ನೀರಿನ ಮೂಲಗಳ ನಕ್ಷೆ ತೋರಿಸಿದರು. ತೆರೆದ ಬಾವಿಗಳಿಗೆ ನೀಲಿ ಚುಕ್ಕೆ, ಕೊಳವೆ ಬಾವಿಗಳಿಗೆ ಕೆಂಪು ಚುಕ್ಕೆ. ಹಿರಿಯ ಹೆಂಗಸೊಬ್ಬರು ಎದ್ದು ನಿಂತು, "ನಮ್ಮ ಸುರಂಗ ಇದರಲ್ಲಿ ಎಲ್ಲಿ ಉಂಟು?" ಎಂದು ಕೇಳಿದರು. ವೇದಿಕೆಯಲ್ಲಿದ್ದ ತಜ್ಞರಿಗೆ ಅವರು ಯಾವುದರ ಬಗ್ಗೆ ಕೇಳುತ್ತಿದ್ದಾರೆಂದೇ ಅರ್ಥವಾಗಲಿಲ್ಲ. ರೈಲು ಅಥವಾ ರಸ್ತೆಯ ಸುರಂಗವೆಂದು ತಿಳಿದು, ಅಂಥದ್ದೇನೂ ಯೋಜನೆಯಲ್ಲಿ ಇಲ್ಲ, ಹೆದರಬೇಡಿ ಎಂದು ಸಮಾಧಾನ ಹೇಳಿದರು. ಗುಡ್ಡದ ಇಳಿಜಾರಿನಲ್ಲಿದ್ದ ಯಾವ ಸುರಂಗವೂ ಆ ನಕ್ಷೆಯಲ್ಲಿರಲಿಲ್ಲ, ಏಕೆಂದರೆ ಸಮೀಕ್ಷೆಯ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಆ ತಜ್ಞರು ಅಪ್ರಾಮಾಣಿಕರೆಂದು ನನಗೆ ಅನಿಸಲಿಲ್ಲ. ಅವರ ಉಪಕರಣಗಳು ಚೆನ್ನಾಗಿದ್ದವು, ನೀರಿನ ಮಾದರಿಗಳ ಪರೀಕ್ಷೆಯೂ ಕ್ರಮಬದ್ಧವಾಗಿತ್ತು. ಆದರೆ ಮನೆಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ನೀರು ಎಲ್ಲಿಂದ ಬರುತ್ತದೆ ಎಂದು ತುಳುವಿನಲ್ಲೋ ಕನ್ನಡದಲ್ಲೋ ಕೇಳಬಲ್ಲ ಒಬ್ಬರೂ ಆ ತಂಡದಲ್ಲಿರಲಿಲ್ಲ.

ಹಸಿರು ಎನ್ನಿಸಿಕೊಂಡ ಯೋಜನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಗೂ ಹೆಚ್ಚು ಜಾಗದಲ್ಲಿ ಹರಡಿರುವ 50 ಮೆಗಾವ್ಯಾಟ್ ಸೌರ ವಿದ್ಯುತ್ ಸ್ಥಾವರವು 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕಲ್ಲಿದ್ದಲಿನ ಹೊಗೆಯಿಲ್ಲದ ವಿದ್ಯುತ್ತು ನಮ್ಮ ಜಿಲ್ಲೆಯಲ್ಲಿ ಉತ್ಪಾದನೆಯಾಗುವುದು ಸಂತೋಷದ ವಿಷಯ. ಆದರೆ ಕಂದಾಯ ದಾಖಲೆಯಲ್ಲಿ ಪಾಳು ಜಾಗವೆಂದು ಕಾಣಿಸುವ ಪದವುಗಳು, ಅಂದರೆ ಗುಡ್ಡದ ಮೇಲಿನ ಮುರಕಲ್ಲಿನ ಬಯಲುಗಳು, ಬರೀ ಬಂಡೆಗಳಲ್ಲ. ಮಳೆಗಾಲದಲ್ಲಿ ಅಲ್ಲಿ ಕೆಲವೇ ವಾರ ಬದುಕುವ ಹೂಗಿಡಗಳು, ಕೀಟಾಹಾರಿ ಸಸ್ಯಗಳು ಇರುತ್ತವೆ. ಊರಿನ ದನಗಳು ಮೇಯುವುದು ಅಲ್ಲಿ, ಅಲ್ಲಿ ಇಂಗಿದ ನೀರೇ ಕೆಳಗಿನ ಸುರಂಗಗಳಿಗೆ ಇಳಿಯುವುದು. ಮುಂದೆ ಇಂತಹ ಯೋಜನೆಗಳಿಗೆ ಜಾಗ ಗುರುತಿಸುವಾಗ ಎಷ್ಟು ಪದವನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಬಾರದು, ಮೇವು ಕಳೆದುಕೊಳ್ಳುವವರಿಗೆ ಏನು ಕೊಡಬೇಕು ಎಂದು ತೂಗಿ ಹೇಳುವವರು ಬೇಕಲ್ಲವೇ? ಆ ತೂಕ ಎಂಜಿನಿಯರೊಬ್ಬರಿಂದ ಆಗದು, ಸಮಾಜಶಾಸ್ತ್ರದವರೊಬ್ಬರಿಂದಲೂ ಆಗದು.

ಕೇರಳಕ್ಕೆ ಈ ಸಂಪ್ರದಾಯ ಹೊಸದೂ ಅಲ್ಲ. ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿ ಕಾಡಿನ ಜಲವಿದ್ಯುತ್ ಯೋಜನೆಯ ವಿವಾದದ ಕಾಲದಲ್ಲಿ, 1979ರಲ್ಲಿ, ಜನವಿಜ್ಞಾನ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹೊರತಂದ ಮೌಲ್ಯಮಾಪನವನ್ನು ಸಸ್ಯಶಾಸ್ತ್ರಜ್ಞ ಎಂ.ಕೆ. ಪ್ರಸಾದ್, ಅರ್ಥಶಾಸ್ತ್ರಜ್ಞ ಕೆ.ಪಿ. ಕಣ್ಣನ್ ಮತ್ತು ಎಂಜಿನಿಯರಿಂಗ್ ಹಿನ್ನೆಲೆಯವರು ಒಟ್ಟಿಗೆ ಕುಳಿತು ಬರೆದಿದ್ದರು. ಕಾಡು ಎಷ್ಟು ಅಮೂಲ್ಯ ಎಂದು ಹೇಳಿ ಸುಮ್ಮನಾಗದೆ, ಮಲಬಾರಿನ ವಿದ್ಯುತ್ ಅಗತ್ಯವನ್ನು ಬೇರೆ ಹೇಗೆ ಪೂರೈಸಬಹುದೆಂಬ ಪ್ರಶ್ನೆಯನ್ನೂ ಅವರು ಎದುರಿಸಿದ್ದರಿಂದಲೇ ಆ ವಾದಕ್ಕೆ ಬಲ ಬಂದದ್ದು. ಕೊನೆಗೆ ಯೋಜನೆ ಕೈಬಿಟ್ಟು ಆ ಕಾಡನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲಾಯಿತು.

ಇನ್ನು ಹೆತ್ತವರು ಕೇಳುವ ನೇರ ಪ್ರಶ್ನೆ: ಇದನ್ನು ಕಲಿತರೆ ಕೆಲಸ ಸಿಗುತ್ತದೆಯೇ? ಸಿಗುತ್ತದೆ, ಮತ್ತು ಅದಕ್ಕೆ ಕಾರಣ ಕಾನೂನು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2021ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪೆನಿಗಳು 2022-23ರಿಂದ ಪ್ರತಿವರ್ಷ ತಮ್ಮ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಸಲ್ಲಿಸಬೇಕು. ಆ ವರದಿ ಒಂಬತ್ತು ತತ್ತ್ವಗಳನ್ನು ಆಧರಿಸಿದೆ. ಅವುಗಳಲ್ಲಿ ಪರಿಸರಕ್ಕೆ ನೇರವಾಗಿ ಸಂಬಂಧಿಸಿದ್ದು ಒಂದು; ಉಳಿದವುಗಳಲ್ಲಿ ಕಾರ್ಮಿಕರ ಹಿತ, ಮಾನವ ಹಕ್ಕು, ಸುತ್ತಲಿನ ಸಮುದಾಯದ ದೂರು ಪರಿಹಾರ, ನಿರ್ವಸಿತರ ಪುನರ್ವಸತಿ ಮೊದಲಾದವು ಬರುತ್ತವೆ. ಬೆಂಗಳೂರಿನಲ್ಲಿ ಇಂಥ ವರದಿಗಳನ್ನು ಸಿದ್ಧಪಡಿಸುವ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳುವಂತೆ, ಕಾರ್ಖಾನೆ ಎಷ್ಟು ಅಂತರ್ಜಲ ತೆಗೆಯಿತು ಎಂಬ ಅಂಕಿ ಮೀಟರಿನಿಂದ ಸಿಗುತ್ತದೆ, ಅದರಿಂದ ಪಕ್ಕದ ಊರಿನವರಿಗೆ ತೊಂದರೆಯಾಗಿದೆಯೇ ಎಂಬ ಕಾಲಂ ತುಂಬಲು ಮಾತ್ರ ಊರಿಗೇ ಹೋಗಬೇಕು, ಮತ್ತು ಹಾಗೆ ಹೋಗಿ ಮಾತಾಡಲು ಬಲ್ಲವರು ಅವಳ ಕಚೇರಿಯಲ್ಲಿ ಕಡಿಮೆ. ಇದರ ಜೊತೆಗೆ 2013ರ ಕಂಪೆನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪೆನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕಾಗಿದೆ. ಆ ಹಣ ಎಲ್ಲಿ, ಹೇಗೆ ಬಳಕೆಯಾಗಬೇಕೆಂದು ನೋಡಿಕೊಳ್ಳುವ ಹುದ್ದೆಗಳಿವೆ. ಪರಿಸರ ಪರಿಣಾಮ ಮೌಲ್ಯಮಾಪನ ಮಾಡುವ ಸಲಹಾ ಸಂಸ್ಥೆಗಳಲ್ಲಿ ಸಾಮಾಜಿಕ ಅಧ್ಯಯನಕ್ಕೆಂದೇ ತಜ್ಞರು ಬೇಕು.

ನಮ್ಮದೇ ಊರಿನ ಮಟ್ಟದಲ್ಲೂ ಕೆಲಸವಿದೆ. ಹರಿತ ಕರ್ಮಸೇನೆಯ ಮಹಿಳೆಯರು ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ವ್ಯವಸ್ಥೆ ಚೆನ್ನಾಗಿ ನಡೆಯುವ ವಾರ್ಡ್ ಮತ್ತು ನಡೆಯದ ವಾರ್ಡ್‌ಗಳ ವ್ಯತ್ಯಾಸಕ್ಕೆ ಕಾರಣವೇನೆಂದು ಅಧ್ಯಯನ ಮಾಡಬಲ್ಲವರು ಪ್ರತಿ ಪಂಚಾಯತಿಗೂ ಬೇಕು. ವಯನಾಡಿನ ಮೀನಂಗಾಡಿ ಪಂಚಾಯತು 2016ರಿಂದ ಇಂಗಾಲ ಸಮತೋಲನದ, ಅಂದರೆ ಹೊರಬಿಡುವಷ್ಟೇ ಇಂಗಾಲವನ್ನು ಹೀರಿಕೊಳ್ಳುವ, ಗುರಿ ಇಟ್ಟುಕೊಂಡು ಕೆಲಸ ಮಾಡುತ್ತಿದೆ. ಅಂಥ ಪ್ರಯತ್ನಕ್ಕೆ ಇಲ್ಲಿ ತೊಡಗುವುದಾದರೆ ಲೆಕ್ಕ ಹಾಕುವವರು ಯಾರು? ಮತ್ತೊಂದು ಉದಾಹರಣೆ ಅಡಿಕೆ ಹಾಳೆಯ ತಟ್ಟೆಯದು. ಪ್ಲಾಸ್ಟಿಕ್ಕಿಗೆ ಪರ್ಯಾಯವೆಂದು ಹೊಗಳಿಸಿಕೊಂಡು ಇಲ್ಲಿನ ಎಷ್ಟೋ ಸಣ್ಣ ಘಟಕಗಳಿಗೆ ಆದಾಯ ತಂದ ಈ ತಟ್ಟೆಗಳಿಂದ ಅಡಿಕೆಯ ಆಲ್ಕಲಾಯ್ಡ್‌ಗಳೆಂಬ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂದು ಹೇಳಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಅವುಗಳ ಆಮದಿಗೆ ತಡೆಯೊಡ್ಡಿತು. ಇದಕ್ಕೆ ಉತ್ತರ ಕೊಡಬೇಕಾದರೆ ಒಂದು ಕಡೆ ಪ್ರಯೋಗಾಲಯದ ಪರೀಕ್ಷೆ ಬೇಕು, ಇನ್ನೊಂದು ಕಡೆ ಹಾಳೆ ಹೆಕ್ಕುವ, ತೊಳೆಯುವ, ಅಚ್ಚಿಗೆ ಹಾಕುವ ಹೆಂಗಸರ ಜೀವನೋಪಾಯದ ಲೆಕ್ಕವೂ ಬೇಕು. ಎರಡನ್ನೂ ಒಂದೇ ವರದಿಯಲ್ಲಿ ಬರೆಯಬಲ್ಲವರಿಗೆ ಇನ್ನು ಮುಂದೆ ಬೇಡಿಕೆ ಕಡಿಮೆಯಾಗಲಾರದು.

ಆರಂಭದ ಸಂಬಳ ಸಾಫ್ಟ್‌ವೇರ್ ಕ್ಷೇತ್ರದಷ್ಟು ಇರುವುದಿಲ್ಲ ಎಂಬುದನ್ನು ಮಕ್ಕಳಿಗೂ ಹೆತ್ತವರಿಗೂ ಮೊದಲೇ ಸ್ಪಷ್ಟವಾಗಿ ಹೇಳಬೇಕು. ಸ್ವಯಂಸೇವಾ ಸಂಸ್ಥೆಗಳಲ್ಲಿ ಹುದ್ದೆಗಳು ಬಹಳಷ್ಟು ಸಲ ಯೋಜನೆಯ ಅವಧಿಗೆ ಸೀಮಿತವಾಗಿರುತ್ತವೆ. ಹಾಗೆಯೇ, ಕೆಲವೇ ವಾರಗಳ ಆನ್‌ಲೈನ್ ತರಗತಿಯಿಂದ ಸುಸ್ಥಿರತೆಯ ತಜ್ಞರಾಗಬಹುದೆಂದು ನಂಬಿಸಿ ದೊಡ್ಡ ಮೊತ್ತದ ಶುಲ್ಕ ಕೇಳುವ ಜಾಹೀರಾತುಗಳ ಬಗ್ಗೆ ಎಚ್ಚರವಿರಲಿ. ಇಂಗಾಲದ ಲೆಕ್ಕವನ್ನು, ಅಂದರೆ ಸ್ವಂತ ಇಂಧನದಿಂದ ಎಷ್ಟು, ಕೊಂಡ ವಿದ್ಯುತ್ತಿನಿಂದ ಎಷ್ಟು, ಸರಕು ಪೂರೈಸುವವರಿಂದ ಹಿಡಿದು ಗ್ರಾಹಕರವರೆಗಿನ ಸರಪಳಿಯಲ್ಲಿ ಎಷ್ಟು ಎಂಬ ಮೂರು ಬಗೆಯ ಎಣಿಕೆಯನ್ನು, ಆಸಕ್ತರು ತಾವಾಗಿಯೇ ಕಲಿಯಬಹುದು. ಒಬ್ಬ ಮೀನುಗಾರನ ಮಾತನ್ನು ಕೇಳಿ, ಅದರಲ್ಲಿ ಯಾವುದು ಒಬ್ಬನ ಅನುಭವ, ಯಾವುದು ಇಡೀ ಕರಾವಳಿಯ ಸಂಗತಿ ಎಂದು ವಿಂಗಡಿಸುವ ಶಿಸ್ತಿಗೆ ವರ್ಷಗಳೇ ಬೇಕು. ವಿಶ್ವವಿದ್ಯಾನಿಲಯ ಬೇಕಾಗಿರುವುದು ಅದಕ್ಕೆ.

ಹಾಗಾದರೆ ಪದವಿಯನ್ನು ಆರಿಸುವಾಗ ಏನು ನೋಡಬೇಕು? ಕೋರ್ಸಿನ ಹೆಸರಿಗೆ ಮರುಳಾಗದೆ ಪಠ್ಯಕ್ರಮವನ್ನು ತರಿಸಿ ಓದಬೇಕೆಂಬುದು ನನ್ನ ಮೊದಲ ಸಲಹೆ. ಜೀವಪರಿಸ್ಥಿತಿ ವಿಜ್ಞಾನ ಮತ್ತು ಸಂಖ್ಯಾಶಾಸ್ತ್ರದ ಜೊತೆಗೆ ಸಮಾಜಶಾಸ್ತ್ರ ಅಥವಾ ಅರ್ಥಶಾಸ್ತ್ರದ ಗಟ್ಟಿ ಪಾಠಗಳಿವೆಯೇ, ಉಪಗ್ರಹ ಚಿತ್ರಗಳಿಂದ ನಕ್ಷೆ ತಯಾರಿಸುವ ಜಿಐಎಸ್ ತಂತ್ರವನ್ನು ಕೈಯಾರೆ ಮಾಡಿಸುತ್ತಾರೆಯೇ, 1974ರ ಜಲ ಕಾಯ್ದೆ, ಭೋಪಾಲ ದುರಂತದ ಬಳಿಕ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ, 2002ರ ಜೈವಿಕ ವೈವಿಧ್ಯ ಕಾಯ್ದೆ ಇವುಗಳನ್ನು ಓದಿಸುತ್ತಾರೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಷೇತ್ರಕಾರ್ಯ ಎಷ್ಟು ದಿನ, ಎಲ್ಲಿ ಎಂದು ವಿಚಾರಿಸಬೇಕು. ಬಸ್ಸಿನಲ್ಲಿ ಹೋಗಿ ಫೋಟೊ ತೆಗೆದು ಸಂಜೆ ಹಿಂದಿರುಗುವ ಪ್ರವಾಸ ಕ್ಷೇತ್ರಕಾರ್ಯವಾಗದು. ಪದವಿ ತರಗತಿಗಳಲ್ಲಿ ಎಲ್ಲರಿಗೂ ಪರಿಸರ ಅಧ್ಯಯನದ ಪಾಠ ಇರುವುದು ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ನಿರ್ದೇಶನದ ಫಲ. ಅದರಲ್ಲೂ ಕ್ಷೇತ್ರಕಾರ್ಯಕ್ಕೆ ಅವಕಾಶವಿದೆ, ಆದರೆ ಬಹಳಷ್ಟು ಕಡೆ ಅದು ಅಂಕಕ್ಕಾಗಿ ನಕಲು ಮಾಡುವ ಪ್ರಾಜೆಕ್ಟ್ ಪುಸ್ತಕವಾಗಿ ಮುಗಿಯುತ್ತದೆ ಎಂಬುದು ನನಗೆ ನೋವಿನ ಸಂಗತಿ.

ದೂರ ಹೋಗಲು ಅನುಕೂಲವಿರುವವರಿಗೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ದೆಹಲಿಯ ಟೇರಿ ಉನ್ನತ ಅಧ್ಯಯನ ಸಂಸ್ಥೆ ಮೊದಲಾದೆಡೆ ಅವಕಾಶಗಳಿವೆ. ಆದರೆ ಇಲ್ಲಿಯೇ ಇರುವ ಅವಕಾಶವನ್ನು ನಾವು ಸರಿಯಾಗಿ ಬಳಸಿಕೊಂಡಿಲ್ಲ. ಕೇರಳದಲ್ಲಿ 2024ರ ಜುಲೈಯಿಂದ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ಕ್ರಮದಲ್ಲಿ ಮುಖ್ಯ ವಿಷಯದ ಜೊತೆಗೆ ಬೇರೆ ವಿಭಾಗದ ವಿಷಯಗಳನ್ನೂ ಆರಿಸಿಕೊಳ್ಳಬಹುದು, ಇಂಟರ್ನ್‌ಶಿಪ್ ಕೂಡ ಪಠ್ಯದ ಭಾಗ. ಭೂವಿಜ್ಞಾನ ಕಲಿಯುವ ಹುಡುಗಿ ಜೊತೆಗೆ ಅರ್ಥಶಾಸ್ತ್ರವನ್ನೋ, ಇತಿಹಾಸ ಕಲಿಯುವ ಹುಡುಗ ಜೊತೆಗೆ ಸಸ್ಯಶಾಸ್ತ್ರವನ್ನೋ ಓದುವ ದಾರಿ ಈಗ ತೆರೆದಿದೆ. ಸಮಯ ಹೊಂದಾಣಿಕೆ ಆಗದೆಂಬ ಕಾರಣ ಹೇಳಿ ಕಾಲೇಜುಗಳು ಈ ಆಯ್ಕೆಯನ್ನು ಕುಗ್ಗಿಸಬಾರದು. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಪರಿಸರ ವಿಜ್ಞಾನ, ಸಮಾಜಕಾರ್ಯ, ಅರ್ಥಶಾಸ್ತ್ರ, ಸಾರ್ವಜನಿಕ ಆಡಳಿತ ವಿಭಾಗಗಳು ಒಂದೇ ಕ್ಯಾಂಪಸ್ಸಿನಲ್ಲಿವೆ. ಆ ಕ್ಯಾಂಪಸ್ಸಿರುವ ಪುಲ್ಲೂರು-ಪೆರಿಯ ಪಂಚಾಯತು ಎಂಡೋಸಲ್ಫಾನ್ ಬಾಧಿತ ಪಂಚಾಯತ್‌ಗಳಲ್ಲಿ ಒಂದು. ಈ ವಿಭಾಗಗಳು ಸೇರಿ ಪರಿಸರ ಮತ್ತು ಸಮಾಜದ ಒಂದು ಜಂಟಿ ಸ್ನಾತಕೋತ್ತರ ಪದವಿಯನ್ನು ರೂಪಿಸಬೇಕು, ಅದರ ಒಂದು ಪೂರ್ಣ ಸೆಮಿಸ್ಟರನ್ನು ವಿದ್ಯಾರ್ಥಿಗಳು ಜಿಲ್ಲೆಯ ಯಾವುದಾದರೊಂದು ಪಂಚಾಯತಿನಲ್ಲಿದ್ದುಕೊಂಡು ಕಳೆಯಬೇಕು, ಅವರು ಬರೆಯುವ ವರದಿ ಆ ಪಂಚಾಯತಿನ ಗ್ರಾಮಸಭೆಯ ಮುಂದೆ ಬರಬೇಕು ಎಂದು ಈ ಪತ್ರದ ಮೂಲಕ ಕೋರುತ್ತೇನೆ.

ಆ ವರದಿ ಕನ್ನಡದಲ್ಲೂ ಇರಬೇಕು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಉನ್ನತ ಶಿಕ್ಷಣಕ್ಕೆ ಹೋದಾಗ ಭಾಷೆಯನ್ನು ಹೊರೆಯೆಂದು ಭಾವಿಸುವಂತಾಗಿದೆ. ಈ ಕ್ಷೇತ್ರದಲ್ಲಿ ಮಾತ್ರ ಅದೇ ಅವರ ದೊಡ್ಡ ಬಂಡವಾಳ. ಕೇಂದ್ರ ಸರಕಾರದ 2020ರ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಅಧಿಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲೂ ಪ್ರಕಟಿಸಬೇಕೆಂದು ದೆಹಲಿ ಹೈಕೋರ್ಟ್ ಆ ವರ್ಷದ ಜೂನ್‌ನಲ್ಲಿ ಆದೇಶಿಸಿತು. ಪ್ರಾದೇಶಿಕ ಭಾಷೆಗಳಲ್ಲಿ ಪ್ರಚಾರ ನೀಡದೆ ಅಂತಿಮ ಅಧಿಸೂಚನೆ ಹೊರಡಿಸುವುದಕ್ಕೆ ಕರ್ನಾಟಕ ಹೈಕೋರ್ಟ್ ಕೂಡ ತಡೆ ನೀಡಿತು. ತನ್ನ ಭಾಷೆಯಲ್ಲಿ ತಿಳಿದುಕೊಳ್ಳದೆ ಯಾರೂ ಒಪ್ಪಿಗೆ ಅಥವಾ ಆಕ್ಷೇಪ ಹೇಳಲಾರರು ಎಂಬುದನ್ನು ನ್ಯಾಯಾಲಯಗಳೇ ಒಪ್ಪಿದ ಮೇಲೆ, ಕನ್ನಡ, ತುಳು, ಮಲಯಾಳ ಮೂರನ್ನೂ ಮನೆಯಲ್ಲಿ, ಪೇಟೆಯಲ್ಲಿ ಸಲೀಸಾಗಿ ಆಡುವ ಕಾಸರಗೋಡಿನ ಹುಡುಗ ಹುಡುಗಿಯರಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರಿದ್ದಾರೆ?

ಊರವರ ಮಾತಿಗೆ ಕಿವಿಗೊಟ್ಟರೆ ಏನು ಸಿಗುತ್ತದೆ ಎಂಬುದಕ್ಕೆ ಚಂದ್ರಗಿರಿ ಹೊಳೆಯೇ ಸಾಕ್ಷಿ. ಕ್ಯಾಂಟರನ ದೈತ್ಯ ಮೃದುಚಿಪ್ಪಿನ ಆಮೆ ಜಗತ್ತಿನಲ್ಲೇ ಅಪರೂಪ, ಬಹುಪಾಲು ಸಮಯ ಹೊಳೆಯ ಮರಳಿನಡಿ ಹೂತುಕೊಂಡೇ ಇರುವುದರಿಂದ ಸಂಶೋಧಕರ ಕಣ್ಣಿಗೆ ಬೀಳುವುದೇ ಕಷ್ಟ. ಹೊಳೆಬದಿಯ ನಿವಾಸಿಗಳನ್ನು ಮಾತಾಡಿಸಿ, ಅವರು ಕಂಡದ್ದನ್ನು ದಾಖಲಿಸಿ, ಅವರನ್ನೇ ಜೊತೆಗೂಡಿಸಿಕೊಂಡ ಬಳಿಕ ಅದು ಇಲ್ಲಿ ಮೊಟ್ಟೆಯಿಡುವುದಕ್ಕೆ ಆಧಾರ ಸಿಕ್ಕಿತು, ನೆರೆಗೆ ಸಿಕ್ಕಿದ ಗೂಡಿನ ಮೊಟ್ಟೆಗಳನ್ನು ರಕ್ಷಿಸುವುದೂ ಸಾಧ್ಯವಾಯಿತು. ಈ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲೇ, 2023ರಲ್ಲಿ, ಕಾಸರಗೋಡು ತನ್ನದೇ ಆದ ಮರ, ಹೂವು, ಹಕ್ಕಿ ಮತ್ತು ಜೀವಿಯನ್ನು ಘೋಷಿಸಿದ ದೇಶದ ಮೊದಲ ಜಿಲ್ಲೆಯಾದಾಗ, ಕಾಸರಕದ ಮರದ ಜೊತೆ ಈ ಆಮೆಯೂ ಪಟ್ಟಿಗೆ ಸೇರಿತ್ತು. ದಾಖಲಾಗದೆ ಉಳಿದ ತಿಳಿವಳಿಕೆ ಇಂಥದ್ದು ಇನ್ನೆಷ್ಟಿದೆಯೋ! ಬುಟ್ಟಿ ಹೆಣೆಯುವ ಕೊರಗ ಸಮುದಾಯದ ಹಿರಿಯರಿಗೆ ಯಾವ ಬಳ್ಳಿ ಯಾವ ಗುಡ್ಡದಿಂದ ಯಾವಾಗ ಮಾಯವಾಯಿತೆಂದು ಗೊತ್ತು. ಉಪ್ಪಳ, ಮುಸೋಡಿಯ ಕಡಲಬದಿಯ ಮನೆಯವರಿಗೆ ಕಡಲು ಎಷ್ಟು ತೆಂಗಿನ ಸಾಲುಗಳನ್ನು ನುಂಗಿತೆಂದು ಗೊತ್ತು. ಜೈವಿಕ ವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯತು ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕವನ್ನು ಇಟ್ಟುಕೊಳ್ಳಬೇಕಾಗಿದೆ. ಅದನ್ನು ಪ್ರತಿವರ್ಷ ವಿಸ್ತರಿಸುವ ಹೊಣೆಯನ್ನು ಇಂಥ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ಪಿನ ರೂಪದಲ್ಲಿ, ಸಣ್ಣದಾದರೂ ಒಂದು ಗೌರವಧನದೊಂದಿಗೆ ವಹಿಸಲು ಜಿಲ್ಲೆಯ ಪಂಚಾಯತ್‌ಗಳು ಮುಂದಾಗಬೇಕು. ಯೋಜನಾ ನಿಧಿಯಲ್ಲಿ ಅದಕ್ಕೆ ಬೇಕಾಗುವ ಮೊತ್ತ ದೊಡ್ಡದೇನಲ್ಲ.

ತಮ್ಮ ಪತ್ರಿಕೆಯಲ್ಲೂ ಒಂದು ಕೋರಿಕೆ. ಶಿಕ್ಷಣ ಪುರವಣಿಯ ಮುಂದಿನ ಸಂಚಿಕೆಗಳಲ್ಲಿ, ಈ ಕ್ಷೇತ್ರದಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಗಡಿನಾಡಿನ ಯುವಕ ಯುವತಿಯರಿಂದ ಅವರ ದಿನನಿತ್ಯದ ಕೆಲಸ, ಸಂಬಳ, ಅಡಚಣೆಗಳ ಬಗ್ಗೆ ಬರೆಯಿಸಿರಿ. ಪ್ರವೇಶ ಪರೀಕ್ಷೆಗಳ ಅರ್ಜಿ ಆಹ್ವಾನಿಸಿದಾಗ ಕೊನೆಯ ದಿನಾಂಕವನ್ನು ಕನ್ನಡದಲ್ಲಿ ಸಾಕಷ್ಟು ಮುಂಚಿತವಾಗಿ ಪ್ರಕಟಿಸಿದರೆ, ಒಳನಾಡಿನ ಶಾಲೆಗಳಿಂದ ಬಂದ ಮಕ್ಕಳಿಗೆ ಅವಕಾಶ ತಪ್ಪಲಾರದು.

ಇತಿ,
ನಿವೃತ್ತ ಭೂಗೋಳ ಅಧ್ಯಾಪಕಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ